ತರಲೆಯ ಮೊದಲ ಗಿರಾಕಿ

ಜನವರಿ 9

ಪುಟ್ಟಿಗೆ,

ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಆಗಿರುವುದು ನನ್ನ ಗಂಟಲಿಗೆ ಮಾತ್ರ. ಇಷ್ಟು ವರ್ಷ ಅಂಗಡಿ ಅಂಗಡಿಗಳಲ್ಲಿ ಮಿಕ್ಸಿ ಮುಂದೆ ನಿಂತು "ಬನ್ನಿ ಅಮ್ಮಾ, ನೋಡೋಕೆ ದುಡ್ಡಿಲ್ಲ" ಎಂದು ಕೂಗಿದ್ದಕ್ಕೆ ಒಳಗೆ ಗಂಟು ಕಟ್ಟಿಕೊಂಡಿತ್ತಂತೆ. ಮೊನ್ನೆ ತೆಗೆದರು. ಕೆಟ್ಟ ಗಂಟಲ್ಲ, ಪರೀಕ್ಷೆ ಮಾಡಿಸಿ ಆಯಿತು, ಅಳಬೇಡ. ಆದರೆ ಡಾಕ್ಟರು ನನ್ನ ಬಾಯಿಗೆ ಬೀಗ ಹಾಕಿದ್ದಾರೆ. "ನಾನು ಹೇಳೋ ತನಕ ಒಂದು ಮಾತೂ ಬೇಡ. ಪಿಸುಗುಟ್ಟೋದಂತೂ ಬೇಡವೇ ಬೇಡ" ಎಂದರು. ಅದನ್ನು ಕೇಳಿದಾಗ ನಿಮ್ಮಮ್ಮನ ಮುಖದಲ್ಲಿ ಬಂದ ಕಳೆ ನಮ್ಮ ಮದುವೆಯ ದಿನವೂ ಬಂದಿರಲಿಲ್ಲ.

ಈಗ ಕತ್ತಿಗೊಂದು ಸ್ಲೇಟು ನೇತುಹಾಕಿಕೊಂಡು ಓಡಾಡುತ್ತಿದ್ದೇನೆ. ಅವಳಿಗೆ ಇಷ್ಟವಾಗದ ಮಾತು ಬರೆದರೆ ಓದುವ ಮುಂಚೆಯೇ ಒರೆಸಿಬಿಡುತ್ತಾಳೆ. ಜಗಳದಲ್ಲಿ ಗೆಲ್ಲಲು ಇದಕ್ಕಿಂತ ಒಳ್ಳೆಯ ಉಪಾಯ ಅವಳಿಗೆ ಈವರೆಗೆ ಸಿಕ್ಕಿರಲಿಲ್ಲ. ಫೋನನ್ನೂ ಕಿತ್ತಿಟ್ಟಿದ್ದಾಳೆ. ನಿನ್ನ ದನಿ ಕೇಳಿದರೆ ನಾನು ಮಾತಾಡದೆ ಇರುವುದಿಲ್ಲ ಎಂದು ಅವಳಿಗೆ ಗೊತ್ತು. ಬೇಕಾದರೆ ತನ್ನ ಫೋನಿನಿಂದ ಬೆರಳಿನಲ್ಲಿ ಕುಟ್ಟಿ ಸಂದೇಶ ಕಳಿಸು ಎನ್ನುತ್ತಾಳೆ. ನನ್ನ ಬೆರಳು ಒಂದು ಅಕ್ಷರ ಒತ್ತಿದರೆ ಪಕ್ಕದ ಎರಡು ಬರುತ್ತವೆ. ಅದಕ್ಕೇ ಈ ಕಾಗದ.

ನೀನೇನೋ ಡೆಮೊ ಮಾಡಬೇಕಂತಲ್ಲ? ನಿಮ್ಮಮ್ಮ ಹೇಳಿದಳು. ಎಷ್ಟೋ ಓದಿ, ಏನೇನೋ ಸಂಶೋಧನೆ ಮಾಡಿ ಕೊನೆಗೆ ನಮ್ಮ ಮನೆಯ ಕಸುಬಿಗೇ ಬಂದೆಯಲ್ಲ! ಏನು ಡೆಮೊ, ಯಾರ ಮುಂದೆ, ಎಲ್ಲವನ್ನೂ ಬಿಡಿಸಿ ಬರೆ. ನನಗೆ ಓದಲು ಬೇಕಾದಷ್ಟು ಪುರಸೊತ್ತಿದೆ.

ಮೌನವ್ರತದಲ್ಲಿರುವ,
ನಿನ್ನ ಅಪ್ಪ


ಜನವರಿ 21

ಅಪ್ಪ,

ಅಳಬೇಡ ಎಂದು ಬರೆದರೆ ಯಾರಾದರೂ ಅಳದೆ ಇರುತ್ತಾರಾ? ಲ್ಯಾಬಿನಲ್ಲಿ ಎಲ್ಲರ ಮುಂದೆ ಅತ್ತೆ. ಆಮೇಲೆ ಸ್ಲೇಟಿನ ವಿಷಯ ಓದಿ ನಕ್ಕೆ. ಪಕ್ಕದ ಮೇಜಿನ ಚೊಕ್ಕಣ್ಣ ನೀರು ತಂದುಕೊಟ್ಟ, ಕುಡಿದಾದ ಮೇಲೆ ಲೋಟ ತೊಳೆದಿಟ್ಟ, ನಿನ್ನ ಲಕೋಟೆಯ ಮೇಲಿನ ವಿಳಾಸದಲ್ಲಿ ತಪ್ಪಿದ್ದ ಒಂದು ಅಂಕಿಯನ್ನೂ ಪೆನ್ನಿನಿಂದ ತಿದ್ದಿದ. ಅವನು ಹಾಗೇ. ಎಲ್ಲಿ ಏನು ಸೊಟ್ಟಗಿದ್ದರೂ ನೆಟ್ಟಗೆ ಮಾಡದೆ ಅವನಿಗೆ ಉಸಿರಾಡಲು ಆಗುವುದಿಲ್ಲ. ಅವನಿಗೆ ಈ ಹೆಸರಿಟ್ಟಿದ್ದು ನಾನೇ.

ಡೆಮೊ ವಿಷಯ ಕೇಳಿದ್ದೀಯ. ನಾನು ಮಾಡಿರುವುದು ಒಂದು ಕಂಪ್ಯೂಟರ್ ಪ್ರೋಗ್ರಾಮು. ಅದರ ಕೆಲಸ ಬೇರೆ ಪ್ರೋಗ್ರಾಮುಗಳ ತಂಟೆಗೆ ಹೋಗುವುದು. ವಯಸ್ಸು ಕೇಳಿದರೆ ಹೆಸರು ಹೇಳುತ್ತದೆ, ಹೆಸರು ಕೇಳಿದರೆ ಸುಮ್ಮನಿರುತ್ತದೆ, ಒತ್ತಬಾರದ ಗುಂಡಿ ಒತ್ತುತ್ತದೆ, ಒತ್ತಿದ್ದನ್ನೇ ಮತ್ತೆ ಒತ್ತುತ್ತದೆ. ಹೀಗೆ ಕಾಡಿಸಿ ಕಾಡಿಸಿ ಎದುರಿನ ಪ್ರೋಗ್ರಾಮು ಎಲ್ಲಿ ಎಡವುತ್ತದೆ ಎಂದು ಪತ್ತೆ ಹಚ್ಚುತ್ತದೆ. ಇಂಥವು ಬೇರೆ ಕಡೆಯೂ ಇವೆ. ನಮ್ಮದು ಬೀಳಿಸಿದ ಮೇಲೆ ಅಲ್ಲಿಗೇ ಬಿಡುವುದಿಲ್ಲ. ತಾನು ಮಾಡಿದ ಸಾವಿರಾರು ಚೇಷ್ಟೆಗಳಲ್ಲಿ ಯಾವ ಮೂರೋ ನಾಲ್ಕೋ ಸೇರಿ ಬೀಳಿಸಿದವು ಎಂದು ಸೋಸಿ, ಯಾರಿಗೂ ಅರ್ಥವಾಗುವ ಮಾತಿನಲ್ಲಿ ಬರೆದುಕೊಡುತ್ತದೆ. ಅಷ್ಟೇ ಅದರ ಹೊಸತನ. ಅಷ್ಟಕ್ಕೇ ನನ್ನ ತಲೆಯಲ್ಲಿ ಬಿಳಿಕೂದಲು ಬಂದಿದೆ. ಅದಕ್ಕೆ ತರಲೆ ಎಂದು ಹೆಸರಿಟ್ಟಿದ್ದೇನೆ.

ತೊಂದರೆ ಏನೆಂದರೆ ತರಲೆಯನ್ನು ನಮ್ಮ ಲ್ಯಾಬಿನವರು ಬಿಟ್ಟರೆ ಯಾರೂ ಬಳಸಿಲ್ಲ. ನಮ್ಮ ಮೇಡಂ ಕೆಟ್ಟವರಲ್ಲ, ಆದರೆ ಖಡಾಖಂಡಿತವಾಗಿ ಹೇಳಿಬಿಟ್ಟರು. "ನೋಡು, ಚೆನ್ನಾಗಿದೆ ಅಂತ ನಾನು ಹೇಳಿದ್ರೆ ಸಾಲದು. ಹೊರಗಿನವರು ಒಬ್ಬರಾದ್ರೂ ತಮ್ಮ ಕೆಲಸಕ್ಕೆ ಅಂತ ಇದನ್ನ ಬಳಸ್ಬೇಕು. ಜೂನ್ ಮುಗಿಯೋದ್ರೊಳಗೆ ಹಾಗಾಗ್ಲಿಲ್ಲ ಅಂದ್ರೆ ಇದನ್ನ ಕಟ್ಟಿಟ್ಟು ಬೇರೆ ಕೆಲಸಕ್ಕೆ ಕೈ ಹಾಕು." ಏಪ್ರಿಲ್‌ನಲ್ಲಿ ಸಂಶೋಧಕರ ಸಮ್ಮೇಳನವಿದೆ. ಅಲ್ಲಿ ಹೊಸ ಉಪಕರಣ ಮಾಡಿದವರೆಲ್ಲ ವೇದಿಕೆಯ ಮೇಲೆ ನಿಂತು ನಡೆಸಿ ತೋರಿಸಬೇಕು. ಕಂಪನಿಗಳವರು, ಆಸ್ಪತ್ರೆಗಳವರು, ಬ್ಯಾಂಕಿನವರು ನೋಡಲು ಬರುತ್ತಾರೆ. ನನಗಿರುವುದು ಅದೊಂದೇ ಅವಕಾಶ.

ಜನರ ಮುಂದೆ ನಿಂತರೆ ನನ್ನ ನಾಲಿಗೆ ಒಣಗುತ್ತದೆ ಎಂದು ನಿನಗೆ ಗೊತ್ತು. ನಿನ್ನ ಮಗಳಿಗೆ ಹೀಗೇಕಾಗಬೇಕು ಎಂದು ಅಮ್ಮ ಕೇಳುತ್ತಲೇ ಇರುತ್ತಾಳೆ. ನನಗೆ ಭಯವಾಗುತ್ತಿದೆ ಅಪ್ಪ.

ಮಾತು ಬೇಡ, ಬರೆ.
ಪುಟ್ಟಿ


ಫೆಬ್ರವರಿ 3

ಪುಟ್ಟಿ,

ನಿನ್ನ ತರಲೆಯನ್ನು ನನಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅವನು ನಮ್ಮ ಅಂಗಡಿಗೆ ದಿನಾ ಬರುತ್ತಾನೆ. ಜಾರಿನೊಳಗೆ ಚಮಚ ಬಿಟ್ಟು ಗುಂಡಿ ಒತ್ತುತ್ತಾನೆ. ಮುಚ್ಚಳ ಹಾಕದೆ ಒತ್ತಿ ನನ್ನ ಅಂಗಿಗೆ ಟೊಮೆಟೊ ಅಭಿಷೇಕ ಮಾಡುತ್ತಾನೆ. ಒಬ್ಬ ದೊಡ್ಡ ಮನುಷ್ಯರಂತೂ ಕೀಲಿಕೈ ಗೊಂಚಲನ್ನೇ ಒಳಗೆ ಹಾಕಿ "ಏನು ಹಾಕಿದ್ರೂ ಪುಡಿಯಾಗುತ್ತೆ ಅಂದ್ರಲ್ಲ" ಎಂದು ನನ್ನನ್ನೇ ದಬಾಯಿಸಿದರು. ಅಂದು ಅವರು ಮನೆಗೆ ಬೀಗ ಒಡೆದು ಹೋಗಿರಬೇಕು.

ಈಗ ಕಸುಬಿನ ಮಾತು ಕೇಳು. ಮೋಟರು ತಿರುಗುವಾಗ ಜನ ಮಿಕ್ಸಿಯನ್ನು ನೋಡುವುದಿಲ್ಲ, ನಿನ್ನ ಮುಖ ನೋಡುತ್ತಾರೆ. ಆಗ ನೀನು ಸುಮ್ಮನಿದ್ದರೆ ಕೆಟ್ಟೆ. ಏನಾದರೂ ಹೇಳುತ್ತಿರು, ಮಿಕ್ಸಿಯ ಬಗ್ಗೆಯೇ ಆಗಬೇಕೆಂದಿಲ್ಲ. ಇನ್ನೊಂದು, ಜನ ತಂದ ಕ್ಯಾರೆಟ್ಟನ್ನು ನಂಬಬೇಡ. ಕೆಲವು ಮರಕ್ಕಿಂತ ಗಟ್ಟಿ ಇರುತ್ತವೆ. ಮೇಜಿನ ಕೆಳಗೆ ನಿನ್ನದೇ ಕ್ಯಾರೆಟ್ಟು, ಹದವಾಗಿ ಹೆಚ್ಚಿದ್ದು, ಇರಲಿ.

ಮೂರನೆಯದು ನಿನಗೆ ಗೊತ್ತಿರುವ ಗುಟ್ಟೇ. ನಿಮ್ಮಮ್ಮ. ಕೈಯಲ್ಲಿ ಚೀಲ ಹಿಡಿದು ಮೂರನೇ ಸಾಲಿನಲ್ಲಿ ಏನೂ ಅರಿಯದವಳಂತೆ ನಿಲ್ಲುತ್ತಿದ್ದಳು. ನಾನು ಬಾಯಿ ತೆರೆದ ಸ್ವಲ್ಪ ಹೊತ್ತಿಗೆ "ಎಲ್ಲರೂ ಹೀಗೇ ಹೇಳ್ತಾರೆ ಬಿಡಿ" ಎಂದು ಮೂಗು ಮುರಿಯುತ್ತಿದ್ದಳು. ಆಮೇಲೆ ಒಂದು ಕಷ್ಟದ ಪ್ರಶ್ನೆ. ಆಮೇಲೆ ಮೆಲ್ಲಗೆ ಬೆರಗು. ಜನ ನನ್ನ ಮಾತನ್ನು ನಂಬುತ್ತಿರಲಿಲ್ಲ, ಅವಳ ಅಪನಂಬಿಕೆಯನ್ನು ನಂಬುತ್ತಿದ್ದರು. ನೀನು ಹ್ಞೂಂ ಎಂದರೆ ನಿನ್ನ ಸಭೆಗೂ ಒಬ್ಬರನ್ನು ನಿಲ್ಲಿಸೋಣ. ನಿಮ್ಮಮ್ಮನೇ ಸಿದ್ಧವಾಗಿದ್ದಾಳೆ, ಕನ್ನಡಕವನ್ನೂ ಒರೆಸಿಟ್ಟಿದ್ದಾಳೆ. ಬೇಡವೆಂದರೆ ನನ್ನ ಗಿರಾಕಿಗಳಲ್ಲಿ ಕಂಪ್ಯೂಟರಿನವರು ಬೇಕಾದಷ್ಟು ಜನ ಇದ್ದಾರೆ.

ಸಭೆಗೆ ಹೊರಗಿನವರನ್ನು ಬಿಡುತ್ತಾರಾ? ಸುಮ್ಮನೆ ಕೇಳಿದೆ.

ಸೀಮೆಸುಣ್ಣದ ಧೂಳಿನಲ್ಲಿ ಮುಳುಗಿರುವ,
ಅಪ್ಪ


ಫೆಬ್ರವರಿ 16

ಅಪ್ಪ,

ಕ್ಯಾರೆಟ್ಟಿನ ಮಾತನ್ನು ಒಪ್ಪಿದೆ. ಒಂದು ಪುಟ್ಟ ಅಂಗಡಿ ಬಿಲ್ಲಿನ ಪ್ರೋಗ್ರಾಮು ಬರೆದು, ಅದರಲ್ಲಿ ನಾನೇ ಒಂದು ತಪ್ಪು ಇಟ್ಟಿದ್ದೇನೆ. ಕೊಳ್ಳದ ಸಾಮಾನನ್ನು ವಾಪಸು ಕೊಟ್ಟರೆ ಅಂಗಡಿಯವನೇ ದುಡ್ಡು ಕೊಡುತ್ತಾನೆ. ವೇದಿಕೆಯ ಮೇಲೆ ತರಲೆ ಆ ತಪ್ಪನ್ನು ಹುಡುಕಿ ಎತ್ತಿ ಹಿಡಿಯುತ್ತದೆ. ಎಷ್ಟು ಸಲ ನಡೆಸಿದರೂ ಸಿಕ್ಕಿದೆ.

ಆದರೆ ಗಿರಾಕಿ ನಿಲ್ಲಿಸುವುದು ಬೇಡ. ತಮಾಷೆಗೂ ಬೇಡ. ಮಿಕ್ಸಿ ಬೇರೆ, ಇದು ಬೇರೆ. ಇಲ್ಲಿ ಬಂದವರು ನಂಬಿದರೆ ನಿಜ ನೋಡಿ ನಂಬಬೇಕು. ಒಬ್ಬರನ್ನು ನಿಲ್ಲಿಸಿದ್ದು ಗೊತ್ತಾದರೆ ತರಲೆ ಮಾತ್ರವಲ್ಲ, ನನ್ನ ಹೆಸರೂ ಹೋಗುತ್ತದೆ. ಮಾತು ಕೊಡು.

ಸಭೆಗೆ ಹೊರಗಿನವರು ಬರಬಹುದು. ಆದರೆ ನೀನು ಬರಬೇಡ ಅಪ್ಪ. ಅಷ್ಟು ದೂರ ರೈಲಿನಲ್ಲಿ, ಧೂಳಿನಲ್ಲಿ, ಗಂಟಲು ಬೇರೆ ಹಾಗಿದೆ. ನಿನ್ನನ್ನು ನೋಡಿದರೆ ನನಗೆ ಮಾತು ಇನ್ನೂ ಮರೆತುಹೋಗುತ್ತದೆ. ಆದ ಮೇಲೆ ಎಲ್ಲವನ್ನೂ ಬರೆಯುತ್ತೇನೆ.

ಪುಟ್ಟಿ


ಫೆಬ್ರವರಿ 27

ಪುಟ್ಟಿ,

ಮಾತು ಕೊಟ್ಟೆ. ಈಗ ನನ್ನ ಹತ್ತಿರ ಕೊಡಲು ಇರುವ ಮಾತೇ ಕಡಿಮೆ, ಆದರೂ ಕೊಟ್ಟೆ.

ಬರುವುದೂ ಇಲ್ಲ. ನೀನು ಹೇಳಿದ್ದು ಸರಿ, ರೈಲಿನಲ್ಲಿ ಧೂಳು ಜಾಸ್ತಿ.

ಇಲ್ಲಿನ ಸುದ್ದಿ ನಿಮ್ಮಮ್ಮ ಬರೆಯುತ್ತಾಳಂತೆ, ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ.

ಅಪ್ಪ

ಪುಟ್ಟಿ, ನಾನು. ಅಂಗಡಿಯವರು ನಿಮ್ಮಪ್ಪನ ಜಾಗಕ್ಕೆ ಬೇರೆಯವರನ್ನು ಹಾಕುತ್ತೇವೆ ಎಂದರು. ನಾನು ಹೋಗಿ, ಅವರು ಗುಂಡಿ ಒತ್ತಲಿ, ಮಾತು ನಾನಾಡುತ್ತೇನೆ ಎಂದೆ. ಮೂರನೇ ಸಾಲಿನಲ್ಲಿ ನಿಂತು ಇವರ ಭಾಷಣವೆಲ್ಲ ನನಗೆ ಬಾಯಿಪಾಠವಾಗಿತ್ತು. ಹೋದ ವಾರ ಅವರು ಒಂದು ತಿಂಗಳಲ್ಲಿ ಮಾರುತ್ತಿದ್ದಷ್ಟು ಮಾರಿದೆ. ಸ್ಲೇಟಿನ ಮೇಲೆ "ಹೊಸ ಮುಖಕ್ಕೆ ಜನ ಬೀಳ್ತಾರೆ, ಅಷ್ಟೆ" ಎಂದು ಬರೆದರು. ಒರೆಸಿಹಾಕಿದೆ. ಹೊಟ್ಟೆಗೆ ಸರಿಯಾಗಿ ತಿನ್ನು. ಅಮ್ಮ.


ಏಪ್ರಿಲ್ 7

ಅಪ್ಪ, ಅಮ್ಮ, ಇಬ್ಬರಿಗೂ,

ಕೂತು ಓದಿ. ನಿಂತು ಓದುವ ಕಾಗದವಲ್ಲ ಇದು.

ಸಭಾಂಗಣ ದೊಡ್ಡದು. ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಗೋಡೆಯಷ್ಟು ದೊಡ್ಡ ಪರದೆ, ಕೆಳಗೆ ಸಾಲು ಸಾಲು ಕುರ್ಚಿಗಳು. ನನಗಿಂತ ಮುಂಚೆ ತೋರಿಸಿದವನ ಉಪಕರಣ ಶುರುವಾಗಲೇ ಇಲ್ಲ. ಅವನು ಬೆವರು ಒರೆಸಿಕೊಂಡು ಕೆಳಗಿಳಿದ. ಆಮೇಲೆ ನನ್ನ ಸರದಿ.

ಬಾಯಿಪಾಠ ಮಾಡಿದ್ದ ಮೊದಲ ಮಾತುಗಳನ್ನು ಹೇಗೋ ಹೇಳಿದೆ. "ಈಗ ನೋಡಿ, ಈ ಬಿಲ್ಲಿನ ಪ್ರೋಗ್ರಾಮಿನಲ್ಲಿ ಅಡಗಿರುವ ತಪ್ಪನ್ನ ತರಲೆ ಹುಡುಕುತ್ತೆ" ಎಂದು ಒತ್ತಿದೆ. ತರಲೆ ಓಡಿತು, ನಿಂತಿತು. ಪರದೆಯ ತುಂಬ ಹಸಿರು. "ಯಾವ ತಪ್ಪೂ ಸಿಗಲಿಲ್ಲ." ಇನ್ನೊಮ್ಮೆ ಒತ್ತಿದೆ. ಮತ್ತೆ ಹಸಿರು. ಇಡೀ ಸಭೆ ನನ್ನ ಮುಖ ನೋಡುತ್ತಿದೆ, ನನ್ನ ನಾಲಿಗೆ ಅಲ್ಲಾಡುತ್ತಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಚೊಕ್ಕಣ್ಣ ಮಾತ್ರ ಹೆಬ್ಬೆರಳು ಎತ್ತಿ ತೋರಿಸುತ್ತಾ ಹಲ್ಲು ಕಿರಿಯುತ್ತಿದ್ದಾನೆ.

ಕೊನೆಗೆ ನನ್ನ ಬಾಯಿಂದ ಬಂದದ್ದು ಇಷ್ಟೇ. "ಇದರಲ್ಲಿ ತಪ್ಪಿರಬೇಕಿತ್ತು. ನಾನೇ ಇಟ್ಟಿದ್ದೆ."

ಚೊಕ್ಕಣ್ಣ ಎದ್ದು ನಿಂತ. "ಅದಾ? ಅದನ್ನ ನಾನು ನಿನ್ನೆ ರೈಲಲ್ಲಿ ಸರಿ ಮಾಡ್ದೆ. ಪಾಪ, ಗಡಿಬಿಡೀಲಿ ಹಾಗೇ ಬಿಟ್ಟಿದ್ದೀರಿ ಅಂತ."

ಸಭೆಗೆ ಸಭೆಯೇ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ಅವನನ್ನು ಅಲ್ಲೇ ಹಿಡಿದು ಬಡಿಯಬೇಕು ಎನ್ನಿಸುತ್ತಿತ್ತು, ಆದರೂ ನಗುತ್ತಿದ್ದೆ. ಅಷ್ಟರಲ್ಲಿ ಮೂರನೇ ಸಾಲಿನಿಂದ ಒಬ್ಬರು ಹೆಂಗಸು ಎದ್ದರು. ನಿನ್ನ ವಯಸ್ಸು ಇರಬಹುದು ಅಮ್ಮ. ತೋಳಿಗೆ ದೊಡ್ಡ ಚೀಲ.

"ಎಲ್ಲರೂ ಹೀಗೇ ಹೇಳ್ತಾರೆ ಬಿಡಿ" ಎಂದರು. "ತಪ್ಪಿಲ್ಲದ್ದರಲ್ಲಿ ತಪ್ಪಿಲ್ಲ ಅಂತ ಹೇಳೋಕೆ ನಿಮ್ಮ ತರಲೆ ಯಾಕೆ ಬೇಕು? ನನ್ನದೊಂದಿದೆ, ಅದರಲ್ಲಿ ಹುಡುಕಿಕೊಡಿ ನೋಡೋಣ." ಚೀಲದಿಂದ ಬೆರಳುದ್ದದ ಒಂದು ಡ್ರೈವ್ ತೆಗೆದು ಮುಂದೆ ಬಂದು ನನ್ನ ಕೈಗೇ ಕೊಟ್ಟರು.

ಅವರು ಯಾವುದೋ ಕಣ್ಣಾಸ್ಪತ್ರೆಯಲ್ಲಿ ಟೋಕನ್ ಬೋರ್ಡಿನ ಪ್ರೋಗ್ರಾಮು ನೋಡಿಕೊಳ್ಳುವವರಂತೆ. ಆ ಬೋರ್ಡು ಅಪರೂಪಕ್ಕೊಮ್ಮೆ ಒಬ್ಬರ ಟೋಕನ್ನನ್ನು ನುಂಗಿಬಿಡುತ್ತದೆ, ಅವರನ್ನು ಕರೆಯುವುದೇ ಇಲ್ಲ. ಯಾಕೆ ಎಂದು ಯಾರಿಗೂ ಗೊತ್ತಾಗಿಲ್ಲ. ಜನ ತಂದ ಕ್ಯಾರೆಟ್ಟು! ನಂಬಬೇಡ ಎಂದಿದ್ದೆ ನೀನು. ಬೇರೆ ದಾರಿ ಏನಿತ್ತು ಹೇಳು.

ತರಲೆ ಓಡಲು ಶುರುಮಾಡಿತು. ಓಡಿತು, ಓಡಿತು, ಮುಗಿಯುವ ಲಕ್ಷಣವೇ ಇಲ್ಲ. ಎಲ್ಲರೂ ಮತ್ತೆ ನನ್ನ ಮುಖ ನೋಡುತ್ತಿದ್ದಾರೆ. ಆಗ ನಾನು ಮಾತು ಶುರುಮಾಡಿದೆ. "ನಮ್ಮಪ್ಪ ಅಂಗಡಿಗಳಲ್ಲಿ ಮಿಕ್ಸಿ ಡೆಮೊ ಮಾಡ್ತಾರೆ. ಒಂದಿನ ಒಬ್ಬರು ಬಂದು ಜಾರಿಗೆ ಕೀಲಿಕೈ ಗೊಂಚಲು ಹಾಕಿದ್ರು" ಎಂದೆ. ಅಲ್ಲಿಂದ ಅದು ಹೇಗೆ ಮುಂದೆ ಹೋಯಿತೋ ನನಗೇ ಗೊತ್ತಿಲ್ಲ. ಮುಚ್ಚಳ, ಟೊಮೆಟೊ, ನಿನ್ನ ಅಂಗಿ, ಎಲ್ಲವೂ ಬಂತು. ಮಿಕ್ಸಿ ಮಾಡಿದವರು ಒಳ್ಳೆಯ ಗಿರಾಕಿಯನ್ನು ಮಾತ್ರ ನೆನೆದು ಮಾಡುತ್ತಾರೆ, ನನ್ನ ತರಲೆ ಕೀಲಿಕೈ ಹಾಕುವವರ ಪರವಾಗಿ ಬರುತ್ತದೆ ಎಂದೆ. ಜನ ಕೇಳುತ್ತಿದ್ದರು ಅಪ್ಪ. ನಿಜವಾಗಿ ಕೇಳುತ್ತಿದ್ದರು.

ಪರದೆ ಕೆಂಪಾಯಿತು. ತರಲೆ ಬರೆದುಕೊಟ್ಟಿದ್ದು ಇಷ್ಟು: ಒಬ್ಬರಿಗೆ ಟೋಕನ್ ಕೊಡಿ. ಊಟದ ವಿರಾಮದ ಗುಂಡಿ ಒತ್ತಿ. ಆ ಟೋಕನ್ ರದ್ದು ಮಾಡಿ. ವಿರಾಮ ಮುಗಿಸಿ. ಅವರ ಹಿಂದೆ ಇದ್ದವರನ್ನು ಬೋರ್ಡು ಕರೆಯುವುದಿಲ್ಲ.

ಆ ಹೆಂಗಸು ಅದನ್ನು ಎರಡು ಸಲ ಓದಿದರು. ಆಮೇಲೆ "ಅದಕ್ಕೇ ಆ ಅಜ್ಜ ಸಂಜೆವರೆಗೂ ಕೂತೇ ಇದ್ರು" ಎಂದರು. ತರಲೆಯ ಒಂದು ಪ್ರತಿಯನ್ನು ಆ ಡ್ರೈವಿಗೇ ಹಾಕಿಸಿಕೊಂಡು ಹೊರಟುಹೋದರು. ಹೆಸರು ಕೇಳಬೇಕು ಎಂದು ನನಗೆ ಹೊಳೆಯುವಷ್ಟರಲ್ಲಿ ಬಾಗಿಲು ದಾಟಿದ್ದರು.

ಮೇಡಂ ಬೆನ್ನು ತಟ್ಟಿದರು. "ಅವರು ಬಳಸಿ ಬರೆದ್ರೆ ಸಾಕು, ತರಲೆ ಉಳೀತು" ಎಂದರು. ಚೊಕ್ಕಣ್ಣನನ್ನು ಬಡಿಯಲಿಲ್ಲ. ಕಾಫಿ ಕೊಡಿಸಿದೆ.

ಕುಣಿಯುತ್ತಿರುವ,
ಪುಟ್ಟಿ


ಏಪ್ರಿಲ್ 26

ಅಪ್ಪ,

ಆ ಆಸ್ಪತ್ರೆಯವರು ಬರೆದಿಲ್ಲ. ಇನ್ನು ಯಾರೂ ಬರೆದಿಲ್ಲ. ಮೇಡಂ ದಿನಾ "ಬಂತಾ?" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.

ನಿನ್ನೆ ಚೊಕ್ಕಣ್ಣ ಸುಮ್ಮನೆ ಒಂದು ಮಾತು ಹೇಳಿದ. "ಅವರು ಎದ್ದಿದ್ದು ಎಷ್ಟು ಸರಿಯಾದ ಹೊತ್ತಿಗೆ ಅಲ್ವಾ?" ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಆಮೇಲೆ ಕೆಲಸ ಮಾಡಲು ಆಗಲಿಲ್ಲ. ಮೂರನೇ ಸಾಲು. ತೋಳಿಗೆ ಚೀಲ. "ಎಲ್ಲರೂ ಹೀಗೇ ಹೇಳ್ತಾರೆ ಬಿಡಿ." ಆಮೇಲೆ ಕಷ್ಟದ ಪ್ರಶ್ನೆ. ಅಷ್ಟು ಹೇಳಿ ಹೆಸರು ಕೊಡದೆ ಹೋಗಿಬಿಡುವುದು. ನಿನಗೆ ಕಂಪ್ಯೂಟರಿನ ಗಿರಾಕಿಗಳು ಬೇಕಾದಷ್ಟು ಜನ ಗೊತ್ತು. ತಪ್ಪಿರುವ ಒಂದು ಪ್ರೋಗ್ರಾಮು ಹೊಂದಿಸಿಕೊಡುವುದು ಅವರಿಗೆ ಏನು ಮಹಾ?

ನಿಜ ಹೇಳು ಅಪ್ಪ. ಅವರನ್ನು ನಿಲ್ಲಿಸಿದ್ದು ನೀನಾ? ಹೌದಾದರೆ ಜಗಳವಾಡುವುದಿಲ್ಲ. ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ತರಲೆಯನ್ನು ಕಟ್ಟಿಡುತ್ತೇನೆ. ಸುಳ್ಳಿನ ಮೇಲೆ ಅದನ್ನು ಉಳಿಸಿಕೊಳ್ಳುವುದು ನನ್ನಿಂದ ಆಗದು.

ಪುಟ್ಟಿ


ಮೇ 6

ಪುಟ್ಟಿ,

ಅಮ್ಮ ಬರೆಯುತ್ತಿದ್ದೇನೆ. ನಿಮ್ಮಪ್ಪ ಮೂರು ಸಲ ಬರೆಯಲು ಕೂತು ಹರಿದು ಹಾಕಿದ್ದಾರೆ. ಅವರು ಬರೆದೇ ಬರೆಯುತ್ತಾರೆ, ಅವರ ಮಾತಿನ ನಡುವೆ ನಾನು ಬಾಯಿ ಹಾಕುವುದಿಲ್ಲ. ನಾನು ನನ್ನ ಮಾತು ಹೇಳುತ್ತೇನೆ.

ಸಭೆಯ ಸುದ್ದಿ ಬರೆದಿದ್ದ ನಿನ್ನ ಹಿಂದಿನ ಕಾಗದ ಬಂದ ದಿನ ಅವರು ಅದನ್ನು ಅಂಗಡಿಗೆ ತೆಗೆದುಕೊಂಡು ಹೋಗಿದ್ದರು. ಗುಂಡಿ ಒತ್ತುವುದನ್ನು ಮರೆತು ಓದುತ್ತಾ ನಿಂತಿದ್ದರು. ನಾನು ಗಿರಾಕಿಗಳ ಮುಂದೆ "ನೋಡಿ ಎಷ್ಟು ಸದ್ದಿಲ್ಲದೆ ತಿರುಗುತ್ತೆ" ಎನ್ನುತ್ತಿದ್ದೇನೆ, ಮಿಕ್ಸಿ ತಿರುಗುತ್ತಲೇ ಇಲ್ಲ! ಇಡೀ ಕಾಗದ ಅವರಿಗೆ ಬೇಕಾಗಿರಲಿಲ್ಲ. "ನಮ್ಮಪ್ಪ ಅಂಗಡಿಗಳಲ್ಲಿ ಮಿಕ್ಸಿ ಡೆಮೊ ಮಾಡ್ತಾರೆ" ಎಂದು ಸಭೆಯಲ್ಲಿ ಹೇಳಿದೆಯಲ್ಲ, ಆ ಒಂದು ಸಾಲಿನ ಮೇಲೇ ಬೆರಳಿಟ್ಟುಕೊಂಡು ನಿಂತಿದ್ದರು.

ನೀನು ಹೈಸ್ಕೂಲಿನಲ್ಲಿದ್ದಾಗ ಅವರು ದೊಡ್ಡ ರಸ್ತೆಯ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಸ್ಕೂಲು ಬಿಟ್ಟಾಗ ನೀನು ಗೆಳತಿಯರ ಜೊತೆ ಆ ಕಡೆಯ ಫುಟ್‌ಪಾತಿನಲ್ಲಿ ಹೋಗುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಅವರು ರಸ್ತೆಗೆ ಬೆನ್ನು ಹಾಕಿ ಜಾರು ತೊಳೆಯುತ್ತಿದ್ದರು. ಜಾರು ಕೊಳೆಯಾಗಿರುತ್ತಿರಲಿಲ್ಲ. ನೀನು ದಾಟಿ ಹೋದ ಮೇಲೆ ಮತ್ತೆ ಕೂಗಲು ಶುರುಮಾಡುತ್ತಿದ್ದರು. ನಾನು ಮೂರನೇ ಸಾಲಿನಲ್ಲಿ ನಿಂತು ಎಲ್ಲವನ್ನೂ ನೋಡಿದ್ದೇನೆ. ಇದನ್ನು ನಿನ್ನನ್ನು ಬೈಯಲು ಬರೆಯುತ್ತಿಲ್ಲ, ಮಕ್ಕಳಿಗೆ ಆ ವಯಸ್ಸೇ ಹಾಗೆ. ಈ ಮನುಷ್ಯ ನಿನಗೆ ಕೊಟ್ಟ ಮಾತು ಮುರಿಯುವವರಲ್ಲ ಎಂದು ತಿಳಿಸಲು ಬರೆಯುತ್ತಿದ್ದೇನೆ.

ಅಮ್ಮ


ಮೇ 9

ಪುಟ್ಟಿ,

ಇಲ್ಲ. ನಾನು ಯಾರನ್ನೂ ನಿಲ್ಲಿಸಲಿಲ್ಲ.

ಆಸೆ ಇರಲಿಲ್ಲ ಎಂದರೆ ಸುಳ್ಳು. ಎರಡು ಹೆಸರು ಯೋಚಿಸಿಯೂ ಇದ್ದೆ. ನೀನು ಬೇಡ ಎಂದ ದಿನವೇ ಬಿಟ್ಟೆ. ಆ ಕಣ್ಣಾಸ್ಪತ್ರೆ ಎಲ್ಲಿದೆ ಎಂದೂ ನನಗೆ ಗೊತ್ತಿಲ್ಲ. "ಎಲ್ಲರೂ ಹೀಗೇ ಹೇಳ್ತಾರೆ ಬಿಡಿ" ಎನ್ನುವ ಮಾತು ನಿಮ್ಮಮ್ಮ ಹುಟ್ಟಿಸಿದ್ದಲ್ಲ. ದುಡಿದು ಸುಸ್ತಾದ ಹೆಂಗಸರು ಅಂಗಡಿಯಲ್ಲಿ ಹಾಗೇ ಹೇಳುತ್ತಾರೆ. ಅವರನ್ನು ನೋಡಿಯೇ ಅವಳು ಕಲಿತದ್ದು.

ನೀನು ಕೇಳಿದ್ದಕ್ಕೆ ಬೇಸರವಾಯಿತು, ಮುಚ್ಚುಮರೆ ಏನಿಲ್ಲ. ಒಂದು ಹೊತ್ತು ಊಟ ಸೇರಲಿಲ್ಲ. ಆಮೇಲೆ ಯೋಚಿಸಿದೆ, ಕೇಳಿದ್ದು ನಿನ್ನ ತಪ್ಪಲ್ಲ. ಕಸುಬು ನನ್ನದು, ಅನುಮಾನ ಬರಲೇಬೇಕು. ನೀನು ಹುಟ್ಟಿ ಬೆಳೆದದ್ದೇ ನಿಲ್ಲಿಸಿದ ಗಿರಾಕಿಯ ಮಡಿಲಲ್ಲಿ.

ಒಂದು ವಿಷಯ ಮಾತ್ರ ನನ್ನ ಕಸುಬಿನಿಂದ ಹೇಳುತ್ತೇನೆ, ಇದಕ್ಕೆ ನಾನೇ ಜವಾಬ್ದಾರಿ. ನಾವು ನಿಲ್ಲಿಸಿದ ಗಿರಾಕಿ ಮಿಕ್ಸಿಯನ್ನು ಹೊಗಳಿ ಮನೆಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು. ನಿಜವಾದ ಗಿರಾಕಿ ಒಯ್ದು, ಬಳಸಿ, ಏನಾದರೊಂದು ಕೆಡಿಸಿಕೊಂಡು, ಕೆಂಡದಂಥ ಮುಖ ಮಾಡಿಕೊಂಡು ವಾಪಸು ಬರುತ್ತಾಳೆ. ಹೊಗಳಿಕೆಯ ಕಾಗದ ಬರಲಿಲ್ಲವೆಂದು ಕೊರಗಬೇಡ. ನಿನ್ನ ಮೇಡಂಗೆ ಸ್ವಲ್ಪ ತಾಳಿ ಎಂದು ಹೇಳು.

ಅಪ್ಪ


ಜೂನ್ 4

ಅಪ್ಪ,

ಬಂತು! ಕೆಂಡದಂಥ ಮುಖವೇ ಬಂತು!

ಆ ಕಣ್ಣಾಸ್ಪತ್ರೆಯವರು ಕಳಿಸಿದ ಮೇಲ್ ಮುದ್ರಿಸಿ ಜೊತೆಗೆ ಇಟ್ಟಿದ್ದೇನೆ, ಆದರೂ ನಾನೇ ಬರೆದರೆ ನನಗೆ ಸಮಾಧಾನ. "ನಿಮ್ಮ ತರಲೆ ನಮ್ಮ ಮೊದಲನೇ ಬೋರ್ಡಿನಲ್ಲಿ ಸರಿಯಾಗಿ ನಡೆಯಿತು. ಎರಡನೇ ಬೋರ್ಡಿಗೆ ಹಾಕಿದರೆ ಅರ್ಧದಲ್ಲಿ ನಿಂತುಬಿಡುತ್ತದೆ. ನೀವು ಬರೆದಿರುವ ಸೂಚನೆಗಳನ್ನು ನೀವಾದರೂ ಒಮ್ಮೆ ಓದಿದ್ದೀರಾ? ಮೂರನೇ ಪುಟದಲ್ಲಿ ಹೇಳಿರುವ ಗುಂಡಿ ಎಲ್ಲೂ ಇಲ್ಲ. ಬೇಗ ಸರಿಮಾಡಿ ಕೊಡಿ. ನಮಗೆ ಇದು ದಿನಾ ಬೇಕು." ಕೆಳಗೆ ಹೆಸರು, ಹುದ್ದೆ, ಆಸ್ಪತ್ರೆಯ ವಿಳಾಸ, ಎಲ್ಲವೂ.

ದಿನಾ ಬೇಕಂತೆ ಅಪ್ಪ.

ಮೇಡಂ ಓದಿ "ಇಷ್ಟು ಸಿಟ್ಟು ಸುಮ್ಮಸುಮ್ಮನೆ ಬರಲ್ಲ. ಮುಂದುವರಿಸು" ಎಂದರು, ಅಷ್ಟೆ. ಅವರು ಅದಕ್ಕಿಂತ ಹೆಚ್ಚು ಸಂತೋಷಪಟ್ಟಿದ್ದನ್ನು ನಾನು ನೋಡಿಲ್ಲ. ಚೊಕ್ಕಣ್ಣ ಆಗಲೇ ಮೂರನೇ ಪುಟ ತಿದ್ದುತ್ತಾ ಕೂತಿದ್ದಾನೆ. ಈ ಸಲ ಯಾರೂ ಅವನನ್ನು ತಡೆಯಲಿಲ್ಲ.

ನಿನ್ನನ್ನು ಹಾಗೆ ಕೇಳಬಾರದಿತ್ತು. ಅಮ್ಮನ ಕಾಗದವನ್ನು ಒಂದೇ ಸಲ ಓದಿದೆ. ಇನ್ನೊಂದು ಸಲ ಓದಲು ಆಗಲಿಲ್ಲ.

ಆಗಸ್ಟ್ ಮೊದಲ ವಾರ ಇನ್ನೊಂದು ಡೆಮೊ ಇದೆ. ಈ ಸಲ ಮೇಜಿನ ಕೆಳಗೆ ಕ್ಯಾರೆಟ್ಟು ಇಡುವುದಿಲ್ಲ, ಬಂದವರು ತಂದದ್ದರ ಮೇಲೇ ನಡೆಸುತ್ತೇನೆ. ಅಪ್ಪ, ನೀನು ಬಾ. ಅಮ್ಮನನ್ನೂ ಕರೆದುಕೊಂಡು ಬಾ. ರೈಲಿನ ಧೂಳಿಗೆ ಕಿಟಕಿ ಹಾಕಿಕೊಳ್ಳಿ. ಮೂರನೇ ಸಾಲಿನಲ್ಲಿ ಬೇಡ, ಎಲ್ಲರಿಗೂ ಕಾಣುವ ಹಾಗೆ ಮೊದಲನೇ ಸಾಲಿನಲ್ಲಿ ಕೂತುಕೊಳ್ಳಿ. ಎರಡು ಕುರ್ಚಿ ಹಿಡಿದಿಡುತ್ತೇನೆ.

ಕಾಯುತ್ತಿರುವ,
ಪುಟ್ಟಿ


ಜೂನ್ 15

ಪುಟ್ಟಿ,

ಆ ಬೈಗುಳದ ಕಾಗದಕ್ಕೆ ಚೌಕಟ್ಟು ಹಾಕಿಸಿದ್ದೇನೆ. ಅಂಗಡಿಯಲ್ಲಿ ಮಿಕ್ಸಿಯ ಹಿಂದಿನ ಗೋಡೆಯ ಮೇಲೆ ನೇತಾಡುತ್ತಿದೆ. ಗಿರಾಕಿಗಳು ಓದಿ, "ಇದು ಯಾವ ಮಿಕ್ಸಿಗೆ ಬಂದ ದೂರು?" ಎಂದು ಕೇಳುತ್ತಾರೆ. ನಿಮ್ಮಮ್ಮ ಮಾರಾಟ ಬಿಟ್ಟು ಅದನ್ನು ವಿವರಿಸುತ್ತಾ ನಿಲ್ಲುತ್ತಾಳೆ. ವ್ಯಾಪಾರ ಸ್ವಲ್ಪ ಇಳಿದಿದೆ. ನನಗೆ ಒಳಗೊಳಗೇ ಖುಷಿ.

ಡಾಕ್ಟರು ಬೀಗ ತೆಗೆದರು, ಪೂರ್ತಿ ಅಲ್ಲ. ದಿನಕ್ಕೆ ಒಂದೆರಡು ಮಾತು, ಅದೂ ಮೆಲ್ಲಗೆ. ಕೂಗುವುದು ಇನ್ನು ಮುಂದೆ ಇಲ್ಲವೇ ಇಲ್ಲ ಎಂದರು. ಮನೆಗೆ ಬಂದು ಮೊದಲ ಸಲ ಬಾಯಿ ತೆರೆದಾಗ ನನಗೇ ನಗು ಬಂತು. ಯಾರೋ ಬಡಕಲು ಮನುಷ್ಯ ನನ್ನೊಳಗೆ ಕೂತು ಮಾತಾಡುತ್ತಿದ್ದಾನೆ. ಅಂಗಡಿಯ ಮಾತು ಇನ್ನು ನಿಮ್ಮಮ್ಮನದ್ದೇ. ಬೇಸರವಿಲ್ಲ ಎಂದು ಹೇಳಲಾರೆ. ಆದರೆ ಅವಳು ನನಗಿಂತ ಚೆನ್ನಾಗಿ ಮಾಡುತ್ತಾಳೆ. ಇದನ್ನು ಅವಳಿಗೆ ತಿಳಿಸಬೇಡ.

ಬರುತ್ತೇವೆ. ಟಿಕೆಟ್ ಆಯಿತು. ಇಸ್ತ್ರಿ ಮಾಡಿದ ಅಂಗಿ ಬಾಗಿಲ ಹಿಂದೆ ನೇತುಹಾಕಿದ್ದೇನೆ, ಆಗಸ್ಟ್ ಬರುವಷ್ಟರಲ್ಲಿ ಇನ್ನೆರಡು ಸಲ ಇಸ್ತ್ರಿ ಮಾಡಬೇಕಾಗುತ್ತದೆ. ನಿಮ್ಮಮ್ಮ ಏನೋ ಪ್ರಶ್ನೆ ಕೇಳಬೇಕೆಂದು ನಿನ್ನ ವಿದ್ಯೆಯ ಪುಸ್ತಕ ತರಿಸಿ ಓದುತ್ತಿದ್ದಾಳೆ, ನಿನ್ನನ್ನು ದೇವರೇ ಕಾಪಾಡಬೇಕು.

ನಾನು ಏನೂ ಕೇಳುವುದಿಲ್ಲ. ಆ ದಿನ ಬೆಳಗ್ಗಿನಿಂದ ಒಂದು ಮಾತೂ ಖರ್ಚು ಮಾಡದೆ ಉಳಿಸಿಕೊಂಡು ಬರುತ್ತೇನೆ. ನೀನು ವೇದಿಕೆ ಹತ್ತಿದಾಗ ಪಕ್ಕದ ಕುರ್ಚಿಯವರ ಕಡೆ ತಿರುಗಿ ಮೆಲ್ಲಗೆ ಹೇಳುತ್ತೇನೆ, "ಅವಳು ನನ್ನ ಮಗಳು." ಅವರಿಗೆ ಕೇಳಿಸದಿದ್ದರೆ ಸ್ವಲ್ಪ ಗಟ್ಟಿಯಾಗಿ ಇನ್ನೊಂದು ಸಲ ಹೇಳುತ್ತೇನೆ. ಡಾಕ್ಟರು ಏನು ಬೇಕಾದರೂ ಅನ್ನಲಿ.

ನಿನ್ನ
ಅಪ್ಪ